ಬೂಷ್ಟು ನೋಡಲು ಜಪಾನಿಗೆ

ತುಮಕೂರು, ಹೊರಡುವುದಕ್ಕೆ ಮುಂಚೆ

ಜಪಾನಿಗೆ ಹೋಗಿಬಂದೆ ಅಂದ ತಕ್ಷಣ ಜನ ಹೂವಿನ ಮರ ನೋಡಿದ್ರಾ, ಬುಲೆಟ್ ರೈಲು ಹತ್ತಿದ್ರಾ ಅಂತ ಕೇಳುತ್ತಾರೆ. ರೈಲೇನೋ ಹತ್ತಿದೆವು. ಹೂವಿನ ಕಾಲ ಅದಲ್ಲ. ನಿಜ ಹೇಳಬೇಕೆಂದರೆ ನಾವು ಹೋಗಿದ್ದು ಒಂದು ಬೂಷ್ಟು ನೋಡುವುದಕ್ಕೆ. ಉಪ್ಪಿನಕಾಯಿ ಜಾಡಿಯಲ್ಲಿ ಕಂಡರೆ ಬೈದುಕೊಂಡು ಎಸೆಯುತ್ತೇವಲ್ಲ, ಅದರ ದೂರದ ನೆಂಟ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ರಜ ಕೇಳುವಾಗ ಈ ಕಾರಣ ಹೇಳಿದ್ದಕ್ಕೆ ನಮ್ಮ ಮ್ಯಾನೇಜರು, "ನೋಡಿ ಮೇಡಂ, ಮದುವೆ ಅಂತ ಬರೆದುಕೊಡಿ, ಅದಾದ್ರೆ ಎಲ್ರೂ ನಂಬ್ತಾರೆ" ಅಂದರು.

ಕಾರಣ ಬಿಡಿಸಿ ಹೇಳುತ್ತೇನೆ. ನನಗಿರುವ ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಹೆಸರು ಉದ್ದವಾಯಿತು ಅಂತ ಮನೆಯಲ್ಲಿ ಎಂ.ಎಸ್. ಅನ್ನುತ್ತೇವೆ. ಮೈ ಕಾಯಬೇಕಾದ ಬಿಳಿ ರಕ್ತಕಣಗಳು ಬುದ್ಧಿಗೆಟ್ಟು ನಮ್ಮ ನರಗಳ ಮೇಲಿನ ಹೊದಿಕೆಯನ್ನೇ ಕಡಿಯುತ್ತವೆ, ಇಲಿ ಬಂದು ವೈರಿನ ಪ್ಲಾಸ್ಟಿಕ್ ಕಡಿದ ಹಾಗೆ. ಶುರುವಿನಲ್ಲಿ ನನಗೆ ಎಡಗಾಲಿನ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಗುಬ್ಬಿಯಲ್ಲಿ ಚಪ್ಪಲಿ ಬಿಟ್ಟು ಬಸ್ಸು ಹತ್ತಿದವಳು ತುಮಕೂರಿನಲ್ಲಿ ಇಳಿಯುವಾಗ ಕಂಡಕ್ಟರ್ ಹೇಳಿದ ಮೇಲೆ ಕಾಲು ನೋಡಿಕೊಂಡೆ. ಆಮೇಲೆ ಡಾಕ್ಟರು, ಸ್ಕ್ಯಾನು, ಕೊನೆಗೆ ದಿನಕ್ಕೊಂದರಂತೆ ಫಿಂಗೋಲಿಮೋಡ್ ಅನ್ನುವ ಮಾತ್ರೆ.

ಇನ್ನು ನಮ್ಮ ರತ್ನಕ್ಕ. ನನಗಿಂತ ಬಹಳ ದೊಡ್ಡವಳು, ಅರ್ಧ ಅಕ್ಕ ಅರ್ಧ ಅಮ್ಮ. ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದಳು. ನಿವೃತ್ತಿ ಆದದ್ದು ಸ್ಕೂಲಿನಿಂದ ಮಾತ್ರ, ಪಾಠ ಮಾಡುವುದು ಇನ್ನೂ ನಿಂತಿಲ್ಲ. ಮೊದಲ ಮಾತ್ರೆ ನುಂಗಿದ ದಿನ ಆಸ್ಪತ್ರೆಯವರು ನನ್ನನ್ನು ಸಂಜೆಯವರೆಗೆ ಮಲಗಿಸಿ ಎದೆಬಡಿತ ನೋಡುತ್ತಿದ್ದರು. ಪಕ್ಕದಲ್ಲಿ ಕೂತ ಅಕ್ಕ ಪರದೆ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ನರ್ಸು ಬಂದು, "ಅಮ್ಮಾ, ಇದು ಹಾಜರಿ ಅಲ್ಲ, ಮನಸಲ್ಲೇ ಓದ್ಕೊಳಿ" ಅಂದಮೇಲೆ ಬಾಯಿ ಮುಚ್ಚಿದಳು. ಆದರೆ ಸುಮ್ಮನಿರಲಿಲ್ಲ.

"ನಮ್ಮ ರಕ್ತದಲ್ಲಿ ಕೊಬ್ಬಿನ ಜಾತಿದೊಂದು ವಸ್ತು ಇರುತ್ತೆ ಕಣೇ ವೇಣಿ," ಅಂತ ಶುರುಮಾಡಿದಳು. "ನಿನ್ನ ಬಿಳಿಕಣ ಕಂಕುಳು, ಕುತ್ತಿಗೆ, ಅಲ್ಲೆಲ್ಲ ಗ್ರಂಥಿ ಒಳಗೆ ಕೂತಿರ್ತವೆ. ಗ್ರಂಥಿ ಒಳಗೆ ಈ ಕೊಬ್ಬು ಕಮ್ಮಿ, ರಕ್ತದಲ್ಲಿ ಜಾಸ್ತಿ. ಕಣದ ಮೈಮೇಲೆ ಅದನ್ನ ಗುರುತು ಹಿಡಿಯೋ ರಿಸೆಪ್ಟರ್ ಇರುತ್ತೆ. ಮದುವೆ ಮನೇಲಿ ವಾಸನೆ ಹಿಡ್ಕೊಂಡು ಊಟದ ಹಾಲ್ ಹುಡುಕ್ತೀವಲ್ಲ, ಹಂಗೆ ಕಣ ಆ ಕೊಬ್ಬಿನ ಜಾಡು ಹಿಡಿದು ರಕ್ತಕ್ಕೆ ಇಳಿಯುತ್ತೆ."

"ಮಾತ್ರೆ ಏನು ಮಾಡುತ್ತೆ?"

"ಮಾತ್ರೆ ಆ ಕೊಬ್ಬಿನ ವೇಷ ಹಾಕ್ಕೊಂಡು ಬಂದು ರಿಸೆಪ್ಟರ್ ಮೇಲೆ ಕೂರುತ್ತೆ. ಕೂತಿದ್ದು ಏಳೋದೇ ಇಲ್ಲ. ಕಣಕ್ಕೆ ಸಾಕಾಗಿ ಆ ರಿಸೆಪ್ಟರನ್ನೇ ಒಳಕ್ಕೆ ಎಳ್ಕೊಂಡು ಮುರಿದುಹಾಕುತ್ತೆ. ಆಮೇಲೆ ಅದಕ್ಕೆ ಹೊರಗಿನ ದಾರಿ ಹೆಂಗೆ ಗೊತ್ತಾಗ್ಬೇಕು? ಒಳಗೇ ಕೂತಿರುತ್ತೆ. ನಿನ್ನ ನರದ ತಂಟೆಗೆ ಬರಲ್ಲ. ಹೃದಯದ ಮೇಲೂ ಇಂಥದೇ ರಿಸೆಪ್ಟರ್ ಇದಾವೆ, ಅದಕ್ಕೇ ಮೊದಲ್ನೇ ದಿನ ಬಡಿತ ನಿಧಾನ ಆಗೋದು."

ನನಗೊಂದು ಅನುಮಾನ. ಎಣ್ಣೆ ಜಿಡ್ಡು ಎಂಥಾ ಬಟ್ಟೆಯಲ್ಲೂ ಇಳಿಯುತ್ತೆ. ಕಣದ ಗೋಡೆಯೂ ಕೊಬ್ಬಿನದೇ ಅಂತ ಇವಳೇ ಹೇಳಿದ್ದಾಳೆ. ಹಾಗಿರುವಾಗ ರಕ್ತದ ಈ ಕೊಬ್ಬು ನೇರ ಒಳಗೆ ನುಸುಳುವುದು ಬಿಟ್ಟು ಹೊರಗೆ ನಿಂತು ಬಾಗಿಲು ತಟ್ಟುವುದು ಯಾಕೆ?

ಅಕ್ಕನಿಗೆ ಖುಷಿಯಾಯಿತು. "ಇದರ ತಲೇಲಿ ಫಾಸ್ಫೇಟ್ ಅಂಟಿರುತ್ತೆ, ಸುಲಭಕ್ಕೆ ನುಸುಳಕ್ಕಾಗಲ್ಲ. ಆಮೇಲೆ ಅದಕ್ಕೆ ಒಳಗೆ ಏನು ಕೆಲಸ ಹೇಳು. ಅರಿಶಿನ ಕುಂಕುಮಕ್ಕೆ ಕರೆಯಕ್ಕೆ ಬಂದೋರು ಹೊಸ್ತಿಲಲ್ಲೇ ನಿಂತು, ಒಳಗೆ ಬರಲ್ಲ ಕಣ್ರೀ, ಇನ್ನೂ ನಾಲ್ಕು ಮನೆ ಇದೆ, ಅಂತ ಹೇಳಿ ಹೋಗಲ್ವಾ? ಅವರು ಹೋದಮೇಲೆ ಸೀರೆ ಹುಡುಕೋ ಗಲಾಟೆಯೆಲ್ಲ ಮನೆ ಒಳಗಿನೋರದು."

ಹೀಗೆ ಮಾತ್ರೆ ಮತ್ತು ಪಾಠ ಎರಡೂ ನಡೆದುಕೊಂಡು ಬಂದವು. ಹೋದ ಬೇಸಿಗೆಯಲ್ಲಿ ಮಾತ್ರ ಎಡಗಾಲು ಮತ್ತೆ ಸ್ವಲ್ಪ ಎಳೆಯತೊಡಗಿತು. ಡಾಕ್ಟರು ಪರೀಕ್ಷೆ ಮಾಡಿ, ವರ್ಷದ ಕೊನೆಗೆ ಇನ್ನೊಂದು ಸ್ಕ್ಯಾನ್ ಮಾಡೋಣ, ಮಿದುಳಿನಲ್ಲಿ ಹೊಸ ಕಲೆ ಕಂಡರೆ ಈ ಮಾತ್ರೆ ಸಾಲುತ್ತಿಲ್ಲ ಅಂತ ಲೆಕ್ಕ, ಬೇರೆ ಔಷಧಿ ನೋಡಬೇಕಾಗುತ್ತೆ ಅಂದರು. ಅವರು ಹೇಳಿದ್ದು ನಿಧಾನವಾಗಿಯೇ. ನನ್ನ ನಿದ್ದೆ ಮಾತ್ರ ಆವತ್ತೇ ಹೋಯಿತು.

ಅಕ್ಕ ಆ ವಿಷಯ ಎತ್ತಲೇ ಇಲ್ಲ. ಒಂದು ಭಾನುವಾರ ಕುಣಿಗಲ್ಲಿನಿಂದ ಬಂದವಳು ಕಾಫಿ ಕುಡಿಯುತ್ತಾ, "ನಿನ್ನ ಮಾತ್ರೆಯ ಮೂಲ ಜೀರುಂಡೆ ಮೈಮೇಲೆ ಬೆಳೆಯೋ ಒಂದು ಬೂಷ್ಟಂತೆ. ಜಪಾನಿನೋರು ಅದರಿಂದ ಶುರುಮಾಡಿ ಇದನ್ನ ಮಾಡಿದ್ದಂತೆ. ಅಂಥವನ್ನೆಲ್ಲ ಇಟ್ಟಿರೋ ಸಣ್ಣ ಮ್ಯೂಸಿಯಂ ಇದೆ. ನೋಡ್ಕೊಂಡು ಬರೋಣ ನಡಿ" ಅಂದಳು.

"ಗೋವಾಗೆ ಹೋಗೋಣ ಅಕ್ಕ, ಹತ್ರ" ಅಂದೆ.

"ಗೋವಾದಲ್ಲಿ ಬೂಷ್ಟಿಲ್ಲ."

ನಮ್ಮ ಯಜಮಾನರು ಮಗಳ ಪರೀಕ್ಷೆ, ಅಡುಗೆ ಎರಡನ್ನೂ ವಹಿಸಿಕೊಂಡರು. ಬಿಸಿಲು ನನಗಾಗದು ಅಂತ ನವೆಂಬರ್ ತಿಂಗಳೇ ಗಟ್ಟಿಯಾಯಿತು.

ಬೆಂಗಳೂರಿನಿಂದ ಒಸಾಕಕ್ಕೆ

ವಿಮಾನ ನಿಲ್ದಾಣದ ಬಾಗಿಲಲ್ಲಿ ಒಬ್ಬ ಗಾಲಿಕುರ್ಚಿ ಹಿಡಿದುಕೊಂಡು ನನ್ನ ಹೆಸರು ಕೂಗುತ್ತಿದ್ದ. ಅಕ್ಕ ನನಗೆ ಹೇಳದೆ ಬುಕ್ ಮಾಡಿಸಿದ್ದಳು. ನಾನು ನೋಡದವಳಂತೆ ಮುಂದೆ ನಡೆದೆ. ಅಕ್ಕನಿಗೆ ಆ ಮನುಷ್ಯನ ಮುಂದೆ ಸಂಕೋಚ. ಬರಿಗೈಲಿ ಕಳಿಸುವುದು ಹೇಗೆ ಅಂತ ತನ್ನ ವ್ಯಾನಿಟಿ ಬ್ಯಾಗು, ಶಾಲು, ಹುರಿಹಿಟ್ಟಿನ ಚೀಲ ಎಲ್ಲವನ್ನೂ ಕುರ್ಚಿಯಲ್ಲಿ ಕೂರಿಸಿದಳು. ಅವನು ಅವನ್ನು ಬಹಳ ಮರ್ಯಾದೆಯಿಂದ ತಳ್ಳಿಕೊಂಡು ಬಂದ. ಸಾಲಿನಲ್ಲಿ ಎಲ್ಲರೂ ಜಾಗ ಬಿಟ್ಟರು. ನಮ್ಮ ಹುರಿಹಿಟ್ಟು ನಮಗಿಂತ ಮುಂಚೆ ಒಳಗೆ ಹೋಯಿತು.

ಅದೇ ಹುರಿಹಿಟ್ಟನ್ನು ಒಸಾಕದ ಕಸ್ಟಮ್ಸಿನಲ್ಲಿ ಹಿಡಿದರು. ಕಡಬದ ನಮ್ಮ ಹೊಲದ ರಾಗಿ ಅರಳು ಹುರಿದು ಬೀಸಿದ ಪುಡಿ. ಬಣ್ಣ ನೋಡಿದರೆ ಯಾರಿಗಾದರೂ ಅನುಮಾನ ಬರುವಂಥದ್ದೇ. ಗಾಜಿನ ಬೊಂಬೆಯ ಹಾಗೆ ನಾಜೂಕಾದ ಅಧಿಕಾರಿ ಹೆಂಗಸು ಕೈಗೆ ಬಿಳಿ ಗವುಸು ಹಾಕಿಕೊಂಡು ಪೊಟ್ಟಣವನ್ನು ಎತ್ತಿ, ಮೂಸಿ, ಅಕ್ಕನ ಮುಖ ನೋಡಿದಳು. ಅಕ್ಕ ಕನ್ನಡದಲ್ಲೇ, "ಹಾಲು ಬೆಲ್ಲ ಇದ್ರೆ ಕೊಡಮ್ಮಾ, ಕಲಸಿ ತೋರಿಸ್ತೀನಿ" ಅಂದಳು. ಆಮೇಲೆ ನನ್ನ ಮಾತ್ರೆಯ ಡಬ್ಬಿ, ಡಾಕ್ಟರ ಚೀಟಿ ಹೊರಬಂದವು. ಚೀಟಿ ನೋಡಿದ ಅಧಿಕಾರಿ ತಲೆಬಾಗಿಸಿ ಹುರಿಹಿಟ್ಟು, ಮಾತ್ರೆ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಹಿಂದಿರುಗಿಸಿದಳು. ನಮ್ಮಲ್ಲಿ ಪ್ರಸಾದವನ್ನು ಹಾಗೆ ಕೊಡುತ್ತಾರೆ. ಅಕ್ಕ ಕಣ್ಣಿಗೊತ್ತಿಕೊಂಡಳು.

ಕ್ಯೋಟೊ

ಕ್ಯೋಟೊದ ರೈಲುಗಳಲ್ಲಿ ಜನ ಮಾತಾಡುವುದಿಲ್ಲ. ಡಬ್ಬಿ ತುಂಬ ಜನ, ಆದರೂ ಸ್ಮಶಾನ ಮೌನ. ಗುಬ್ಬಿ ಬಸ್ಸಿನಲ್ಲಿ ಒಂದು ಸೀಟಿನ ವಿಷಯಕ್ಕೆ ಆಗುವಷ್ಟು ಮಾತು ಆ ಊರಿನಲ್ಲಿ ಇಡೀ ದಿನಕ್ಕೆ ಆಗುವುದಿಲ್ಲ. ಅಂಥಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಕುಣಿಗಲ್ಲಿನಿಂದ ಭಾವ. ನೀರಿನ ಮೋಟರು ಸ್ವಿಚ್ ಯಾವುದು ಅಂತ ಕೇಳುತ್ತಿದ್ದರು.

"ಎಡಗಡೇದು ಕಣ್ರೀ. ಅದಲ್ಲ, ಅದು ದೇವರ ಮನೆದು. ಅದರ ಕೆಳಗಿಂದು." ಅಕ್ಕ ಹೈಸ್ಕೂಲಿನ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ ಹೇಳಿದಳು. ಎದುರಿಗಿದ್ದ ಹಿರಿಯರೊಬ್ಬರು ಎದ್ದು, ಬಗ್ಗಿ ನಮಸ್ಕರಿಸಿ, ಗೋಡೆ ಮೇಲಿನ ಫೋನಿಗೆ ಅಡ್ಡಗೆರೆ ಹಾಕಿದ ಚಿತ್ರ ತೋರಿಸಿ, ಮತ್ತೆ ನಮಸ್ಕರಿಸಿ ಕೂತರು. ಇಷ್ಟು ಮರ್ಯಾದೆಯಿಂದ ಯಾರೂ ಅಕ್ಕನ ಬಾಯಿ ಮುಚ್ಚಿಸಿರಲಿಲ್ಲ. ಅವಳು ಎದ್ದು ನಮಸ್ಕರಿಸಿ, ಫೋನಿನಲ್ಲಿ ಪಿಸುದನಿಯಲ್ಲಿ, "ಎಲ್ಲಾ ಸ್ವಿಚ್ಚೂ ಹಾಕಿ ನೋಡಿ" ಅಂತ ಹೇಳಿ ಇಟ್ಟಳು.

ಇನ್ನೊಂದು ಸಂಕಟ, ಬೀದಿಯಲ್ಲಿ ಕಸದ ಬುಟ್ಟಿಯೇ ಇಲ್ಲ. ಕಸವೂ ಇಲ್ಲ, ಅದು ಬೇರೆ ಮಾತು. ಬೆಳಿಗ್ಗೆ ತಿಂದ ಬಾಳೆಹಣ್ಣಿನ ಸಿಪ್ಪೆಯನ್ನು ಅಕ್ಕ ಸೆರಗಿನಂಚಿನಲ್ಲಿ ಮುಚ್ಚಿ ಹಿಡಿದುಕೊಂಡು ಎರಡು ದೇವಸ್ಥಾನ, ಒಂದು ಅರಮನೆ ನೋಡಿದಳು.

ನನಗೆ ಅಲ್ಲಿ ಒಂದು ಸುಖ ಸಿಕ್ಕಿತು. ಬಿಳಿಕಣಗಳು ಗ್ರಂಥಿಯೊಳಗೆ ಕೂತಿರುವುದರಿಂದ ನನಗೆ ಸೋಂಕು ತಗಲುವುದು ಸುಲಭ, ಜನರ ಮಧ್ಯೆ ಮಾಸ್ಕ್ ಹಾಕಬೇಕು. ತುಮಕೂರಿನಲ್ಲಿ ಮಾಸ್ಕ್ ಕಂಡರೆ ಏನಾಯ್ತು ಅಂತ ನಾಲ್ಕು ಜನ ಕೇಳುತ್ತಾರೆ. ಕ್ಯೋಟೊದಲ್ಲಿ ಅರ್ಧ ಊರೇ ಹಾಕಿಕೊಂಡಿತ್ತು. ನಿಧಾನ ನಡೆಯುವವರು, ಕೋಲು ಹಿಡಿದವರು ಎಷ್ಟೋ ಜನ, ಯಾರೂ ತಿರುಗಿ ನೋಡುವುದಿಲ್ಲ. ನೋಡುತ್ತಿದ್ದವಳು ಅಕ್ಕ ಒಬ್ಬಳೇ. ಹತ್ತು ಹೆಜ್ಜೆಗೊಂದು ಸಲ, "ಕಾಲು ಹೆಂಗೈತೆ?" ನಾನು ಚೆನ್ನಾಗಿದೆ ಅನ್ನುವುದು, ಅವಳು ನಂಬದೆ ನನ್ನ ಪಾದ ನೋಡುವುದು. ಕೊನೆಗೆ, "ಅಕ್ಕ, ಕಾಲನ್ನೇ ಕೇಳು, ನನ್ನನ್ನ ಬಿಡು" ಅಂದೆ. ಅವಳು ನಗಲಿಲ್ಲ.

ಬೆಟ್ಟದ ಊರು

ಮ್ಯೂಸಿಯಂ ಇದ್ದದ್ದು ಕ್ಯೋಟೊದಿಂದ ಎರಡು ರೈಲು ಬದಲಾಯಿಸಿ ಹೋಗಬೇಕಾದ ಒಂದು ಬೆಟ್ಟದ ಊರಿನಲ್ಲಿ. ನಾವು ಇಳಿದುಕೊಂಡದ್ದು ಮರದ ಹಳೆಯ ವಸತಿಗೃಹ. ಅಲ್ಲಿ ಮನೆಯೊಳಗೆ ಓಡಾಡುವುದಕ್ಕೆ ಒಂದು ಜೊತೆ ಚಪ್ಪಲಿ, ಕಕ್ಕಸಿಗೆ ಬೇರೆ ಜೊತೆ, ಚಾಪೆಯ ಮೇಲೆ ಬರಿಗಾಲು. ಬಂದ ಅರ್ಧ ಗಂಟೆಯಲ್ಲಿ ಅಕ್ಕ ಕಕ್ಕಸಿನ ಚಪ್ಪಲಿ ಮೆಟ್ಟಿಕೊಂಡು ಊಟದ ಕೋಣೆಗೆ ಬಂದು, ಮಾಲೀಕಳು ಬಾಯಿಗೆ ಕೈ ಅಡ್ಡ ಹಿಡಿದು ಓಡಿಬರುವಂತೆ ಮಾಡಿದಳು.

ಆ ಮನೆಯ ಹೆಮ್ಮೆ ಅಂದರೆ ಅದರ ಬಚ್ಚಲು. ನೆಲದಲ್ಲಿ ಕಲ್ಲಿನ ತೊಟ್ಟಿ, ಬೆಟ್ಟದೊಳಗಿಂದ ಬರುವ ಬಿಸಿನೀರು, ಮೇಲೆ ಆವಿ. ಹೆಂಗಸರದು ಬೇರೆ, ಗಂಡಸರದು ಬೇರೆ. ಮೊದಲು ಮೋಟು ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ ತೊಳೆದುಕೊಂಡು, ಆಮೇಲೆ ತೊಟ್ಟಿಗಿಳಿದು ಕತ್ತಿನವರೆಗೆ ಮುಳುಗಿ ಕೂರಬೇಕು. ಮೈಮೇಲೆ ಒಂದೆಳೆ ಬಟ್ಟೆ ಇರಕೂಡದು. ಇದನ್ನು ಕೇಳಿದ ಅಕ್ಕ, "ನಮ್ಮಮ್ಮನ ಮುಂದೇನೇ ನಾನು ಹಂಗೆ ನಿಂತವಳಲ್ಲ" ಅಂದು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟಳು. "ನೀನೂ ಬೇಡ. ಬಿಸಿನೀರು ನಿನಗಾಗಲ್ಲ."

ಅದು ನನಗೂ ಗೊತ್ತಿತ್ತು. ಎಂ.ಎಸ್. ಇದ್ದವರಿಗೆ ಮೈ ಕಾದರೆ ನರಗಳು ಇನ್ನಷ್ಟು ಮಂಕಾಗುತ್ತವೆ. ಕಾಯಿಲೆ ಬಂದಾಗಿನಿಂದ ನಾನು ಉಗುರುಬೆಚ್ಚಗಿನ ನೀರಿನಲ್ಲೇ ಮೈ ತೊಳೆಯುವುದು. ಆದರೆ ದೀಪಾವಳಿ ಆಗತಾನೆ ಮುಗಿದಿತ್ತು. ಹಬ್ಬದ ದಿನ ಎಲ್ಲರೂ ಎಣ್ಣೆ ಹಚ್ಚಿಕೊಂಡು ಹಂಡೆಯ ಸುಡುನೀರು ಹುಯ್ದುಕೊಂಡು ಕೆಂಪಗಾಗಿ ಬಂದಿದ್ದರು, ನಾನು ಮಾತ್ರ ತಣ್ಣಗೆ ಬಂದಿದ್ದೆ. "ಕೈಕಾಲು ತೊಳ್ಕೊಂಡು ಬಂದ್ಬಿಡ್ತೀನಿ" ಅಂತ ಅಕ್ಕನಿಗೆ ಹೇಳಿ ಒಳಗೆ ಹೋದೆ.

ತೊಟ್ಟಿಯಲ್ಲಿ ಇಬ್ಬರು ಅಜ್ಜಿಯರು ಕೂತಿದ್ದರು, ತಲೆ ಮೇಲೆ ಮಡಿಸಿದ ಸಣ್ಣ ಟವೆಲ್ಲು ಇಟ್ಟುಕೊಂಡು. ನನ್ನನ್ನು ನೋಡಿ ನಕ್ಕು ಸರಿದು ಜಾಗ ಮಾಡಿದರು. ನಾನು ಮೊದಲು ಪಾದ ಇಟ್ಟೆ. ಆಮೇಲೆ ಮೊಣಕಾಲು. ಆಮೇಲೆ ಸುಮ್ಮನೆ ಕೂತೇಬಿಟ್ಟೆ. ಎಷ್ಟೋ ವರ್ಷದ ಚಳಿ ಮೈಯಿಂದ ಇಳಿದು ಹೋದ ಹಾಗಾಯಿತು. ಕಣ್ಣು ಮುಚ್ಚಿಕೊಂಡೆ.

ತೆಗೆದಾಗ ಎದುರಿನ ಅಜ್ಜಿಯರು ಮಸುಕಾಗಿದ್ದರು. ಆವಿ ಅಂದುಕೊಂಡೆ. ಕಣ್ಣುಜ್ಜಿದೆ, ಹೋಗಲಿಲ್ಲ. ಏಳೋಣ ಅಂತ ಕಾಲಿಗೆ ಹೇಳಿದೆ. ಎಡಗಾಲು ಕೇಳಲಿಲ್ಲ. ಬಲಗಾಲಿಗೆ ಹೇಳಿದೆ. ಅದೂ ಕೇಳಲಿಲ್ಲ. ನೀರಿನ ಕೆಳಗೆ ಇರುವ ಕಾಲು ನನ್ನದೋ ಪಕ್ಕದವರದೋ ಗೊತ್ತಾಗದ ಸ್ಥಿತಿ. ಅಂಚು ಹಿಡಿಯಲು ಹೋಗಿ ಕೈ ಜಾರಿ ಒಂದು ಗುಟುಕು ನೀರು ಕುಡಿದೆ. ಆಗ ನಿಜವಾಗಿ ಹೆದರಿಕೆಯಾಯಿತು. "ಅಕ್ಕ" ಅಂತ ಕೂಗಿದೆ.

ಬಾಗಿಲು ಸರಿದ ಸದ್ದು. ರತ್ನಕ್ಕ ಸೀರೆ, ಸ್ವೆಟರು, ಉಲ್ಲನ್ ಕಾಲುಚೀಲ ಸಮೇತ ಒಳಗೆ ಬಂದಳು. ಬಂದ ಕ್ಷಣವೇ ಅವಳ ಕನ್ನಡಕದ ಮೇಲೆ ಆವಿ ಕೂತಿತು. ಏನೂ ಕಾಣದೆ, ಕೈ ಮುಂದೆ ಚಾಚಿಕೊಂಡು, ಕಾಲುಚೀಲದಲ್ಲೇ ತೊಟ್ಟಿಗೆ ಇಳಿದು, ಸಿಕ್ಕಿದ ಮೊದಲ ತೋಳನ್ನು ಗಟ್ಟಿಯಾಗಿ ಹಿಡಿದು, "ಬಾರೇ ವೇಣಿ, ಹೆದರ್ಕೋಬೇಡ, ನಾನಿದೀನಿ" ಅಂತ ಎಳೆಯತೊಡಗಿದಳು. ಅದು ಅಜ್ಜಿಯ ತೋಳು. ಪಾಪ, ಆಕೆ ಒಂದು ಮಾತಾಡದೆ ಎರಡು ಹೆಜ್ಜೆ ಎಳೆಸಿಕೊಂಡೂ ಹೋದರು. ಇನ್ನೊಬ್ಬ ಅಜ್ಜಿ ಅಷ್ಟರಲ್ಲಿ ನನ್ನ ಕಂಕುಳಿಗೆ ಕೈಹಾಕಿ ತಲೆ ಮೇಲೆತ್ತಿ ಹಿಡಿದಿದ್ದರು. "ಅಕ್ಕ, ಈ ಕಡೆ" ಅಂದೆ. ಅಕ್ಕ ತಿರುಗುವ ರಭಸಕ್ಕೆ ಕಾಲು ಜಾರಿ ಮೊಣಕಾಲನ್ನು ಕಲ್ಲಿನ ಅಂಚಿಗೆ ಹೊಡೆದುಕೊಂಡಳು. ಆದರೂ ಬಂದಳು. ಮೂವರೂ ಸೇರಿ ನನ್ನನ್ನು ಹೊರಗೆಳೆದು ಹಲಗೆ ನೆಲದ ಮೇಲೆ ಮಲಗಿಸಿದರು. ನೆನೆದ ಸೀರೆಯಿಂದ ನೀರು ಸೋರುತ್ತಿದ್ದ ಅಕ್ಕ, ಬತ್ತಲೆ ಅಜ್ಜಿಯರಿಬ್ಬರು, ಓಡಿಬಂದ ಮಾಲೀಕಳು. ಯಾರಿಗೂ ಯಾರ ಭಾಷೆಯೂ ಬಾರದು. ಆದರೂ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಜಪಾನಿನಲ್ಲಿ ನಾನು ಕೇಳಿದ ಅತಿ ದೊಡ್ಡ ಗಲಾಟೆ ಅದೇ.

ತಣ್ಣನೆ ಟವೆಲ್ಲು ಕತ್ತಿಗೆ, ಹಣೆಗೆ, ಕಂಕುಳಿಗೆ ಇಟ್ಟರು. ಒಬ್ಬ ಅಜ್ಜಿ ಬೀಸಣಿಗೆ ಬೀಸಿದರು. ಕಣ್ಣು ಬೇಗ ತಿಳಿಯಾಯಿತು. ಕಾಲು ಬರಲಿಲ್ಲ.

ಅಕ್ಕ ನನ್ನ ಪಾದದ ಹತ್ತಿರ ಕೂತು ಹೆಬ್ಬೆರಳನ್ನು ಒತ್ತಿದಳು. "ಗೊತ್ತಾಗ್ತಿದ್ಯಾ?"

"ಇಲ್ಲ."

ಬಿಸಿಯಿಂದ ಆದದ್ದಾದರೆ ಮೈ ತಣ್ಣಗಾದಂತೆ ಸರಿಹೋಗಬೇಕು. ಹೋಗದಿದ್ದರೆ ಅದು ಹೊಸ ದಾಳಿ. ಇಬ್ಬರಿಗೂ ಗೊತ್ತಿದ್ದ ಪಾಠವೇ, ಹಾಗಾಗಿ ಯಾರೂ ಹೇಳಲಿಲ್ಲ. ಕಿಟಕಿಯಾಚೆ ಬೆಟ್ಟದ ಮೇಲೆ ಸಂಜೆ ಬಿಸಿಲು ಇನ್ನೂ ಇತ್ತು. ನಾನು ಅದನ್ನೇ ನೋಡುತ್ತಾ ಮಲಗಿದೆ. ಅಕ್ಕ ಆಗಾಗ ಬೆರಳು ಒತ್ತುವಳು, ನನ್ನ ಮುಖ ನೋಡುವಳು, ನಾನು ತಲೆಯಾಡಿಸುವೆ. ಬೈಯಲಿಲ್ಲ, ಪಾಠವನ್ನೂ ಹೇಳಲಿಲ್ಲ. ಅವಳ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಲು ಹೋದದ್ದಕ್ಕಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು.

ಎಷ್ಟೋ ಹೊತ್ತಿನ ಮೇಲೆ ಬಲಗಾಲಿನಲ್ಲಿ ಇರುವೆ ಹರಿದ ಹಾಗಾಯಿತು. ಆಮೇಲೆ ಎಡಗಾಲಿನಲ್ಲೂ. "ಅಕ್ಕ, ಒತ್ತಬೇಡ, ನೋಯುತ್ತೆ" ಅಂದೆ.

ಅವಳು ಒತ್ತುವುದನ್ನು ಬಿಟ್ಟಳು, ಬೆರಳನ್ನು ಬಿಡಲಿಲ್ಲ. "ಡಾಕ್ಟ್ರು ಹೇಳಿರ್ಲಿಲ್ವಾ ಬಿಸಿನೀರು ಬೇಡ ಅಂತ?"

"ಹೇಳಿದ್ರು. ಆಸೆ ಆಯ್ತು."

ಅವಳು ನನ್ನ ಪಾದ ನೋಡುತ್ತಾ, "ಈ ಮಾತ್ರೆ ಆಗದಿದ್ರೆ ಮುಂದೆ ಯಾವುದು ಕೊಡ್ತಾರೆ ಅಂತ ಓದ್ಕೊಂಡಿದೀನಿ ಕಣೇ. ಅದೂ ಆಗದಿದ್ರೆ ಅದರ ಮುಂದಿಂದೂ ಓದಿದೀನಿ. ನಿನಗೆ ಹೇಳಿಲ್ಲ" ಅಂದಳು.

"ಯಾಕೆ ಹೇಳಲಿಲ್ಲ? ಬೇರೆ ಎಲ್ಲಾನೂ ಹೇಳ್ತೀಯಲ್ಲ."

"ಆ ಪಾಠ ಮಾಡಕ್ಕೆ ನನಗೆ ಧೈರ್ಯ ಇಲ್ಲ. ಬೇರೆದೆಲ್ಲ ಪಾಠ ಮಾಡ್ತಿದ್ರೆ ಕೈ ನಡುಗಲ್ಲ, ಅದಕ್ಕೆ ಮಾಡ್ತೀನಿ."

ಇಷ್ಟು ವರ್ಷ ಅವಳ ಪಾಠಕ್ಕೆ ಮೂಗು ಮುರಿದವಳು ನಾನು. ಅವಳ ಕೈಮೇಲೆ ಕೈಯಿಟ್ಟೆ. ಅದು ಮಂಜಿನ ಹಾಗೆ ತಣ್ಣಗಿತ್ತು. "ಮೊದಲು ಆ ಸೀರೆ ಬದಲಾಯಿಸು ಅಕ್ಕ" ಅಂದೆ.

ಅದೇ ಊರು, ಬೆಳಿಗ್ಗೆ

ಬೆಳಗಾಗುವಷ್ಟರಲ್ಲಿ ಪಾತ್ರ ಅದಲುಬದಲಾಗಿತ್ತು. ನನ್ನ ಕಾಲು ಎಂದಿನ ಹಾಗೆ ನಡೆಯುತ್ತಿತ್ತು, ಅಕ್ಕನ ಮೊಣಕಾಲು ತೆಂಗಿನಕಾಯಿ ಗಾತ್ರಕ್ಕೆ ಊದಿಕೊಂಡಿತ್ತು. ಮಾಲೀಕಳು ಮಂಜುಗಡ್ಡೆ ತಂದು ಕಟ್ಟಿದಳು. ನಾನು ನೋವಿನ ಮಾತ್ರೆ ಕೊಟ್ಟೆ. ನುಂಗಿ ನೀರು ಕುಡಿದವಳೇ ಶುರುಮಾಡಿದಳು. ಈ ಊತವೂ ಕೊಬ್ಬಿನ ಕೆಲಸವೇ ಅಂತೆ. ಪೆಟ್ಟಾದ ಕಡೆ ಕಣದ ಗೋಡೆಯ ಕೊಬ್ಬನ್ನು ಕತ್ತರಿಸಿ ಪ್ರೋಸ್ಟಗ್ಲಾಂಡಿನ್ ಅನ್ನುವುದು ತಯಾರಾಗುತ್ತದೆ, ಅದು ಅಕ್ಕಪಕ್ಕದ ಕಣಗಳ ರಿಸೆಪ್ಟರ್ ತಟ್ಟಿ ನೋವು, ಊತ ಎರಡಕ್ಕೂ ಹೇಳಿಕಳಿಸುತ್ತದೆ, ಈ ಮಾತ್ರೆ ಆ ತಯಾರಿಯನ್ನೇ ನಿಲ್ಲಿಸುತ್ತದೆ. ನಾನು ಒಂದು ಮಾತೂ ಅಡ್ಡ ಹಾಕದೆ ಪೂರ್ತಿ ಕೇಳಿದೆ. ಅವಳಿಗೇ ಅನುಮಾನ ಬಂದು, "ಯಾಕೆ, ಮೈ ಹುಷಾರಿಲ್ವಾ?" ಅಂದಳು.

ಹೊರಡುವಾಗ ಹಿಂದಿನ ಸಂಜೆಯ ಅಜ್ಜಿಯರು ಬಂದರು. ಈ ಸಲ ಬಟ್ಟೆ ಹಾಕಿಕೊಂಡಿದ್ದರಿಂದ ನನಗೆ ಗುರುತೇ ಸಿಗಲಿಲ್ಲ. ಕೈಯಲ್ಲಿ ಒಂದು ಚೀಲ ಕಿತ್ತಳೆ ಬಣ್ಣದ ಹಣ್ಣು. ಅಕ್ಕ ಯಾರನ್ನು ಎಳೆದಿದ್ದಳೋ ಆ ಅಜ್ಜಿಯೇ ಮುಂದೆ ಬಂದು ಬಗ್ಗಿ ನಮಸ್ಕರಿಸಿದರು. ತಪ್ಪು ಮಾಡಿದವಳು ತಾನು ಅಂತ ಅಕ್ಕ ಇನ್ನೂ ಬಗ್ಗಿದಳು. ಅಜ್ಜಿ ಇನ್ನೂ ಬಗ್ಗಿದರು. ಅಕ್ಕನ ಮೊಣಕಾಲು ಹಿಡಿದುಕೊಂಡಿತು. ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ನಾನು ಮತ್ತು ಅದೇ ಅಜ್ಜಿ.

ಮ್ಯೂಸಿಯಂ

ಮ್ಯೂಸಿಯಂ ಅಂದರೆ ನಮ್ಮ ಕಡೆಯ ಗ್ರಾಮ ಪಂಚಾಯಿತಿ ಕಟ್ಟಡದಷ್ಟು. ಮುಂದೆ ಒಂದಿಷ್ಟು ಕಲ್ಲಿನ ಮೆಟ್ಟಿಲು. ಅಕ್ಕ ನನ್ನ ಹೆಗಲು ಹಿಡಿದು ಒಂದೊಂದೇ ಹತ್ತಿದಳು. ನಾನು ಬೇಕೆಂತಲೇ, "ಕಾಲು ಹೆಂಗೈತೆ?" ಅಂತ ಕೇಳುತ್ತಾ ಹೋದೆ. ಮೂರನೇ ಸಲಕ್ಕೆ, "ಬುಡೇ ಸಾಕು" ಅಂದಳು.

ಒಳಗೆ ಉಲ್ಲನ್ ಟೋಪಿಯ ಹಿರಿಯರೊಬ್ಬರು ಕೂತಿದ್ದರು. ಅಕ್ಕ ಫೋನಿನ ಅನುವಾದ ಯಂತ್ರ ಹಿಡಿದು, "ನಾವು ಬೂಷ್ಟು ನೋಡಕ್ಕೆ ಬಂದಿದೀವಿ" ಅಂದಳು. ಫೋನು ಏನೋ ಉಲಿಯಿತು. ಆ ಹಿರಿಯರು ಬಹಳ ಕಾಳಜಿಯಿಂದ ನಮ್ಮನ್ನು ಬಾಗಿಲಿಗೆ ಕರೆತಂದು ರಸ್ತೆಯಾಚೆಯ ಬಸ್ ಸ್ಟಾಪ್ ತೋರಿಸಿದರು. ಫೋನಿಗೆ ಬೂಷ್ಟು ಬಸ್ಸಾಗಿ ಕೇಳಿಸಿತ್ತು. ಶಿಲೀಂಧ್ರ ಅಂತ ಪುಸ್ತಕದ ಮಾತು ಹಾಕಿ, ಅದರಿಂದಾದ ಔಷಧಿಯನ್ನು ನಮ್ಮಲ್ಲೊಬ್ಬರು ತೆಗೆದುಕೊಳ್ಳುತ್ತಾರೆ ಅಂತ ಸೇರಿಸಿದ ಮೇಲೆ ಅರ್ಥವಾಯಿತು. ಅವರ ಮುಖ ಅರಳಿತು. ವರ್ಷದಲ್ಲಿ ಎಷ್ಟು ಜನ ಅದನ್ನು ಕೇಳಿಕೊಂಡು ಬರುತ್ತಾರೋ ಏನೋ.

ಒಂದು ಗಾಜಿನ ಜಾಡಿ ಇಳಿಸಿ ಮೇಜಿನ ಮೇಲಿಟ್ಟರು. ಒಳಗೆ ಮಣ್ಣುಬಣ್ಣದ ಒಣ ಜೀರುಂಡೆ ಮರಿ, ಅದರ ತಲೆಯಿಂದ ಎದ್ದ ಹಳದಿ ಕಡ್ಡಿಯಂಥದ್ದು. ಒಣಶುಂಠಿ ಚೂರಿಗೆ ಬೆಂಕಿಕಡ್ಡಿ ಚುಚ್ಚಿದ ಹಾಗಿತ್ತು. ಅಕ್ಕ ಬಗ್ಗಿ ನೋಡಿದಳು. "ಇಷ್ಟೇನಾ?" ಅಂದಳು. ಅದೃಷ್ಟಕ್ಕೆ ಫೋನು ಅದನ್ನು ಅನುವಾದ ಮಾಡಲಿಲ್ಲ.

ಅವರು ಹೇಳಿದ್ದನ್ನು ಫೋನು ಸಂಸ್ಕೃತ ಮೇಷ್ಟ್ರ ಧಾಟಿಯಲ್ಲಿ ಕನ್ನಡಕ್ಕೆ ತಂದಿತು: "ಮಣ್ಣಿನೊಳಗೆ ಶಿಲೀಂಧ್ರವು ಕೀಟದೊಳಗೆ ಪ್ರವೇಶಿಸುತ್ತದೆ. ಕೀಟದ ಕಾವಲುಗಾರನು ನಿದ್ರಿಸುತ್ತಾನೆ." ಹುಳದ ಮೈಕಾವಲನ್ನು ಈ ಬೂಷ್ಟು ಮಲಗಿಸುತ್ತದೆ ಅಂತ ಗಮನಿಸಿದವರು, ಮನುಷ್ಯರ ಮೈಕಾವಲನ್ನೂ ಸ್ವಲ್ಪ ಮಲಗಿಸಬಹುದೇನೋ ಅಂತ ಅದರೊಳಗಿನ ಪದಾರ್ಥ ಹುಡುಕಿದರಂತೆ. ಸಿಕ್ಕಿದ್ದು ಪೂರಾ ವಿಷ. ಅದನ್ನು ಅಲ್ಲಿ ಕತ್ತರಿಸಿ ಇಲ್ಲಿ ಬದಲಾಯಿಸಿ ನೋಡುತ್ತಾ ಹೋದಾಗ ಬೇರೆಯದೇ ಗುಣದ ಈ ಔಷಧಿ ಕೈಗೆ ಬಂತಂತೆ. ಈ ಜಾಡಿಯಲ್ಲಿದ್ದದ್ದು ಆ ಬೂಷ್ಟೂ ಅಲ್ಲ, ಅದರ ದಾಯಾದಿ. ಅಕ್ಕನ ಮುಖ ನೋಡಬೇಕಿತ್ತು.

ಅಷ್ಟು ಹೇಳಿ ಅವರು ಒಳಗೆ ಹೋಗಿ ಒಂದು ಕುರ್ಚಿ ತಂದರು. ಅದರ ಮೇಲೆ ದಿಂಬು ಇಟ್ಟರು. ಎರಡು ಕೈಯಲ್ಲಿ ಅಕ್ಕನಿಗೆ ತೋರಿಸಿ ಬಗ್ಗಿದರು. ಫೋನು ಹೇಳಿತು: "ಔಷಧಿ ಸೇವಿಸುವವರು ದಯಮಾಡಿ ಆಸೀನರಾಗಿರಿ."

ಅಕ್ಕ ಬೆಚ್ಚಿದಳು. "ಅಯ್ಯೋ, ನಾನಲ್ಲ, ಇವಳು."

"ಕೂತ್ಕೊ ಅಕ್ಕ, ಕಾಲು ನೋಯ್ತಿದೆ" ಅಂದೆ. ನಿಜವಾಗಿಯೂ ನೋಯುತ್ತಿತ್ತು, ಕೂತಳು. ಆ ಹಿರಿಯರು ಅವಳನ್ನು ಕರುಣೆಯಿಂದ ನೋಡಿ, ಔಷಧಿ ಮೈಯೊಳಗೆ ಹೇಗೆ ಕೆಲಸ ಮಾಡುತ್ತದೆ, ತಮಗೆ ಬೂಷ್ಟು ಮಾತ್ರ ಗೊತ್ತು, ಮುಂದಿನದನ್ನು ಕೇಳುವ ಆಸೆ ಅಂದರು. ಅಕ್ಕ ಬಾಯಿ ತೆರೆದಳು. ನಾನು ಫೋನನ್ನು ಅವಳ ಕೈಯಿಂದ ತೆಗೆದುಕೊಂಡೆ.

ಕಾಯಿಲೆ ಬಂದಾಗಿನಿಂದ ಅದರ ಬಗ್ಗೆ ಬೇರೆಯವರಿಗೆ ಹೇಳುತ್ತಿದ್ದವಳು ಯಾವಾಗಲೂ ಅವಳು. ನಾನು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ. ಆವತ್ತು ನಾನೇ ಹೇಳಿದೆ. "ಔಷಧಿ ನನ್ನದು" ಅಂತ ಶುರುಮಾಡಿದೆ. ರಕ್ತದಲ್ಲಿರುವ ಕೊಬ್ಬು, ಕಣದ ಮೈಮೇಲೆ ಅದನ್ನು ಹಿಡಿಯುವ ರಿಸೆಪ್ಟರ್, ಜಾಡು ಹಿಡಿದು ಹೊರಬರುವ ಕಣ, ಕಾರ್ಖಾನೆಯಲ್ಲಿ ಫಾಸ್ಫೇಟ್ ಅಂಟಿಸಿ ಕಳಿಸಿದ ವೇಷಧಾರಿ ಮಾತ್ರೆ, ಒಳಗೆ ಮುರಿದುಬೀಳುವ ರಿಸೆಪ್ಟರ್, ಗ್ರಂಥಿಯಲ್ಲೇ ಉಳಿದು ನನ್ನನ್ನು ಅಷ್ಟರಮಟ್ಟಿಗೆ ಬದುಕಲು ಬಿಟ್ಟಿರುವ ನನ್ನದೇ ಕಣಗಳು. ಕೊನೆಗೆ, ವರ್ಷದ ಕೊನೆಗೆ ಸ್ಕ್ಯಾನ್ ಇದೆ, ಇದು ಸಾಲುತ್ತಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ, ನನಗೆ ಹೆದರಿಕೆ ಇದೆ ಅಂತಲೂ ಹೇಳಿಬಿಟ್ಟೆ. ಫೋನು ಅದನ್ನು ಯಾವ ಜಪಾನಿಯಲ್ಲಿ ಹೇಳಿತೋ. ಅವರು ಟೋಪಿ ತೆಗೆದರು. ಕುರ್ಚಿಯಲ್ಲಿ ಕೂತಿದ್ದ ಅಕ್ಕ ಕ್ಲಾಸಿನ ಒಳ್ಳೆಯ ಹುಡುಗಿಯ ಹಾಗೆ ಕೈಕಟ್ಟಿಕೊಂಡು ಕೊನೆಯವರೆಗೆ ಕೇಳಿದಳು.

ರೈಲಿನ ಪ್ಲಾಟ್‌ಫಾರಂ ಮೇಲೆ ಬಹಳ ಹೊತ್ತಾದ ಮೇಲೆ ಅವಳು, "ಚೆನ್ನಾಗಿ ಹೇಳ್ದೆ" ಅಂದಳು. ಮತ್ತೂ ಸ್ವಲ್ಪ ಹೊತ್ತಿನ ಮೇಲೆ, ತಡೆಯಲಾರದೆ, "ಮಾತ್ರೆಗೆ ಫಾಸ್ಫೇಟ್ ಅಂಟೋದು ನಮ್ಮ ಮೈ ಒಳಗೆ ಕಣೇ, ಕಾರ್ಖಾನೇಲಲ್ಲ" ಅಂದಳು.

ಮತ್ತೆ ತುಮಕೂರು

ಸ್ಕ್ಯಾನಿನ ದಿನ ಅಕ್ಕ ಬರಲಿಲ್ಲ. ಮೊಣಕಾಲಿನ ನೆಪ ಹೇಳಿದಳು. ಕಾಲಲ್ಲ ಕಾರಣ ಅಂತ ನನಗೆ ಗೊತ್ತಿತ್ತು, ಒತ್ತಾಯ ಮಾಡಲಿಲ್ಲ. ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಹಿಡಿದು ಸಾವಕಾಶವಾಗಿ ನೋಡಿ, ಹೊಸ ಕಲೆ ಒಂದೂ ಇಲ್ಲ, ಬೇಸಿಗೆಯಲ್ಲಿ ಕಾಲು ಎಳೆದದ್ದು ಸೆಕೆಗಿರಬೇಕು, ಇದೇ ಮಾತ್ರೆ ಮುಂದುವರಿಸಿ ಅಂದರು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಕುಣಿಗಲ್ಲಿಗೆ ಫೋನು ಮಾಡಿ ಒಂದೇ ಉಸಿರಿಗೆ ಹೇಳಿದೆ.

ಅಕ್ಕ, "ಹೂಂ, ಸರಿ" ಅಂದಳು. ಪಾಠವಿಲ್ಲ, ಪ್ರಶ್ನೆಯಿಲ್ಲ. ಫೋನು ಇಟ್ಟೇಬಿಟ್ಟಳು. ನನಗೆ ಸ್ವಲ್ಪ ಪಿಚ್ಚೆನ್ನಿಸಿತು.

ಆಟೋ ಹಿಡಿಯುವಷ್ಟರಲ್ಲಿ ಭಾವನ ಫೋನು ಬಂತು. "ಏನಮ್ಮಾ ವೇಣಿ, ನಿಮ್ಮಕ್ಕಂಗೆ ಏನು ಹೇಳ್ದೆ? ಫೋನ್ ಇಟ್ಟು ಹಿತ್ಲಿಗೆ ಹೋದವಳು ಬರ್ಲೇ ಇಲ್ಲ. ಬಾಗ್ಲು ಬೇರೆ ಮುಂದಕ್ಕೆ ಎಳ್ಕೊಂಡವ್ಳೆ. ಇಲ್ಲಿ ಒಲೆ ಮೇಲೆ ಹಾಲು ಉಕ್ತಾ ಐತೆ."

"ಹಾಲು ಇಳಿಸಿ ಭಾವ" ಅಂದೆ. "ಅಕ್ಕನ್ನ ಕರೀಬೇಡಿ. ಸ್ವಲ್ಪ ಹೊತ್ತು ಅಲ್ಲೇ ಇರ್ಲಿ."